ಟ್ಯಾಂಕಿನ ತಳದ ಗಾಳಿ

ಆ ದಿನ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ನಾನು ಪರ್ಮಿಟ್ ಪುಸ್ತಕದಲ್ಲಿ 20.8 ಎಂದು ಬರೆದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಹೆಚ್ಚುಕಡಿಮೆ ಇಪ್ಪತ್ತೊಂದು ಪಾಲು ಇರುತ್ತದೆ. ಮೀಟರ್ 20.8 ತೋರಿಸಿದರೆ ಟ್ಯಾಂಕಿನ ಒಳಗಿರುವುದೂ ಹೊರಗಿನಂಥದೇ ಗಾಳಿ, ಆಳು ಇಳಿಯಬಹುದು ಎಂದರ್ಥ. ಅಂಕಿಯ ಕೆಳಗೆ ಸಹಿ ಹಾಕಿ, ಬಿಳಿ ಹಾಳೆ ಹರಿದು, ಏಣಿಗೆ ಕಟ್ಟಿದ್ದ ಪ್ಲಾಸ್ಟಿಕ್ ಕವರಿನೊಳಗೆ ಸಿಕ್ಕಿಸಿದೆ. ಹಳದಿ ನಕಲು ಪುಸ್ತಕದಲ್ಲೇ ಉಳಿಯಿತು. ವೆಲ್ಡಿಂಗ್ ಮೇಸ್ತ್ರಿ ಚಪ್ಪಲಿ ಬಿಟ್ಟು, ಕಾಲಿಗೆ ಬಟ್ಟೆಯ ಚೀಲ ಕಟ್ಟಿಕೊಂಡು ಏಣಿ ಹತ್ತಿದರು. ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಹೊರಗಿನ ಕಬ್ಬಿಣದ ಪುಡಿ ಬಿದ್ದರೆ ತುಕ್ಕಿನ ಚುಕ್ಕೆ ಏಳುತ್ತದೆ. ಅದಕ್ಕೇ ಆ ಪದ್ಧತಿ.

ಮಲವಗೊಪ್ಪ ದಾಟಿ ಭದ್ರಾವತಿ ರಸ್ತೆಯ ಪಕ್ಕದಲ್ಲಿದ್ದ ಆ ಯಾರ್ಡಿನಲ್ಲಿ ಹಾಲು, ಎಣ್ಣೆ ತುಂಬುವ ದೊಡ್ಡ ಟ್ಯಾಂಕುಗಳನ್ನು ಮಾಡುತ್ತಿದ್ದರು. ಬೆಸುಗೆಯ ಗುಣಮಟ್ಟ ನೋಡುವುದು ನನ್ನ ಕೆಲಸ. ಓದಿದ್ದು ರಸಾಯನಶಾಸ್ತ್ರ ಎಂಬ ಕಾರಣಕ್ಕೆ ಗ್ಯಾಸ್ ಮೀಟರನ್ನೂ ಪರ್ಮಿಟ್ ಪುಸ್ತಕವನ್ನೂ ನನಗೇ ಒಪ್ಪಿಸಿದ್ದರು. ಮೇಸ್ತ್ರಿ ಐವತ್ತು ದಾಟಿದವರು. ಭದ್ರಾವತಿಯ ಓಲ್ಡ್ ಟೌನಿನಿಂದ ಬೈಕಿನಲ್ಲಿ ಬರುತ್ತಿದ್ದರು. ಮನೆಮಾತು ತಮಿಳು. ನಮ್ಮೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಅದೂ ಕಡಿಮೆ. ನನ್ನನ್ನು ಮೇಡಮ್ಮಾ ಎನ್ನುತ್ತಿದ್ದರು. ಅವರ ಬೆಸುಗೆಯಲ್ಲಿ ನಾನು ನಾಲ್ಕು ವರ್ಷದಲ್ಲಿ ಎರಡೇ ಸಲ ತಪ್ಪು ಹಿಡಿದಿದ್ದೆ. ಎರಡೂ ಸಲ ಅವರು ಭೂತಗನ್ನಡಿ ಕೇಳಿ ಪಡೆದು ತಾವೇ ನೋಡಿ, ಮರುಮಾತಿಲ್ಲದೆ ಉಜ್ಜಿ ತೆಗೆದು ಮತ್ತೆ ಬೆಸೆದಿದ್ದರು.

ಆ ಟ್ಯಾಂಕು ನಾಲ್ಕು ಮೀಟರ್ ಎತ್ತರ, ಎರಡೂವರೆ ಮೀಟರಿಗಿಂತ ತುಸು ಹೆಚ್ಚು ಅಗಲ. ಒಬ್ಬ ಮನುಷ್ಯ ತೂರುವಷ್ಟು ಬಾಯಿ ಮೇಲ್ಗಡೆ. ಬೆಳಿಗ್ಗೆ ತಳದ ಜೋಡಣೆಯನ್ನು ಹೊರಗಿನಿಂದ ಬೆಸೆದಿದ್ದರು. ಹಾಗೆ ಬೆಸೆಯುವಾಗ ಒಳಮೈಗೆ ಗಾಳಿ ತಾಕಿದರೆ ಬೆಸುಗೆಯ ಹಿಂಬದಿ ಸುಟ್ಟ ಸಕ್ಕರೆಯಂತೆ ಕಪ್ಪಾಗಿ ಹರಳುಗಟ್ಟುತ್ತದೆ. ಅದನ್ನು ತಪ್ಪಿಸಲು ಒಳಗಡೆ ತಳಕ್ಕೆ ಪೈಪು ಬಿಟ್ಟು ನಿಧಾನವಾಗಿ ಆರ್ಗಾನ್ ಹರಿಸುತ್ತೇವೆ. ಆರ್ಗಾನ್ ವಿಷವಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಯಾವುದರೊಡನೆಯೂ ಸೇರುವುದಿಲ್ಲ. ಇದ್ದ ಗಾಳಿಯನ್ನು ಸರಿಸಿ ತಾನು ನಿಲ್ಲುತ್ತದೆ, ಅಷ್ಟೆ.

ಒಂದು ಗಂಟೆಗೆ ಗ್ಯಾಸ್ ನಿಲ್ಲಿಸಿ ಎಲ್ಲರೂ ಊಟಕ್ಕೆ ಹೋದರು. ಊಟದ ನಂತರ ಮೇಸ್ತ್ರಿ ಒಳಗಿಳಿದು, ತುಂಬಿದ್ದನ್ನು ಹೊರಬಿಡಲು ತಳಕ್ಕೆ ಕೂಡಿಸಿದ್ದ ಪೈಪಿನ ಬಾಯಿಯನ್ನು ಒಳಗಿನಿಂದ ಬೆಸೆಯಬೇಕಿತ್ತು. ಇಳಿಯುವ ಮೊದಲು ಅರ್ಧ ಗಂಟೆ ಬ್ಲೋವರ್ ಹಾಕಿ ಗಾಳಿ ಊದಬೇಕು, ಆಮೇಲೆ ಮೀಟರಿಗೆ ಉದ್ದನೆಯ ನಳಿಗೆ ಸಿಕ್ಕಿಸಿ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಅಳೆಯಬೇಕು. ಇದು ನಿಯಮ. ಆ ಹೊತ್ತಿಗೆ ಬ್ಲೋವರ್ ಇನ್ನೊಂದು ಟ್ಯಾಂಕಿನ ಹತ್ತಿರ ಇತ್ತು. ನಳಿಗೆ ಸ್ಟೋರಿನಲ್ಲಿತ್ತು, ಸ್ಟೋರಿನವರು ಬೀಗ ಹಾಕಿ ಊಟಕ್ಕೆ ಹೋಗಿದ್ದರು. ಸಂಜೆ ಲಾರಿ ಬರುವುದಿತ್ತು. ಪ್ರೊಡಕ್ಷನ್ ಮ್ಯಾನೇಜರ್ ಎರಡು ಸಲ ಬಂದು ಕೈಗಡಿಯಾರ ನೋಡಿಕೊಂಡು ಹೋದರು. ನನಗೆ ಯಾರೂ ಸುಳ್ಳು ಬರೆ ಎನ್ನಲಿಲ್ಲ. ನಾನು ಏಣಿ ಹತ್ತಿ, ಟ್ಯಾಂಕಿನ ಬಾಯಿಯೊಳಗೆ ಭುಜದವರೆಗೆ ಕೈ ಇಳಿಬಿಟ್ಟು ಮೀಟರ್ ಹಿಡಿದೆ. 20.8 ಬಂತು. ಬಂದದ್ದನ್ನು ಬರೆದೆ.

ಬಾಯಿಯ ಬಳಿ ಕಾವಲಿಗೆ ನಿಂತಿದ್ದ ಕೆಲಸಗಾರ ಕೂಗಿದ್ದು ಎರಡು ಗಂಟೆ ಇಪ್ಪತ್ತಕ್ಕೋ ಇಪ್ಪತ್ತೆರಡಕ್ಕೋ. ನಾನು ಓಡಿಬಂದು ಹತ್ತಿ ಒಳಗೆ ನೋಡಿದೆ. ಮೇಸ್ತ್ರಿ ಮಂಡಿಯೂರಿದವರು ಹಾಗೇ ಪಕ್ಕಕ್ಕೆ ಒರಗಿದ್ದರು. ಮುಖಕ್ಕೆ ಇಳಿಸಿಕೊಳ್ಳುವ ಗಾಜು ಇನ್ನೂ ಹಣೆಯ ಮೇಲೇ ಇತ್ತು. ಬೆಸುಗೆಯ ಟಾರ್ಚ್ ಕೈಯ ಪಕ್ಕದಲ್ಲಿ ಬಿದ್ದಿತ್ತು. ಬೆಸುಗೆ ಶುರುವೇ ಆಗಿರಲಿಲ್ಲ.

ಕಾವಲಿನವನು ಆಗಲೇ ಒಂದು ಕಾಲು ಒಳಗಿಟ್ಟಿದ್ದ. ನಾನು ಅವನ ಅಂಗಿಯ ಕಾಲರು ಹಿಡಿದು ಎಳೆದೆ.

"ಇಳೀಬೇಡ. ಕೆಳಗೆ ಗ್ಯಾಸ್ ನಿಂತಿದೆ."

ಆ ಮಾತು ನನ್ನ ಬಾಯಿಂದ ಯೋಚನೆಯಿಲ್ಲದೆ ಬಂತು. ಹತ್ತು ನಿಮಿಷದ ಹಿಂದೆ 20.8 ಬರೆದ ಅದೇ ಹೆಂಗಸಿಗೆ ಆ ಕ್ಷಣದಲ್ಲಿ ಎಲ್ಲ ಗೊತ್ತಿತ್ತು. ಅವನು ಬಿಡಿ ಮೇಡಂ ಬಿಡಿ ಎಂದು ಕೊಸರಾಡಿದ. ನಾನು ಬಿಡಲಿಲ್ಲ. ಕೆಳಗಿದ್ದವರು ತಳದ ಪೈಪಿಗೆ ಮುಚ್ಚಿದ್ದ ತಟ್ಟೆಯ ಬೋಲ್ಟು ಬಿಚ್ಚಿದರು, ಕಂಪ್ರೆಸರಿನ ಪೈಪು ಎಳೆದು ತಂದು ಒಳಗೆ ಗಾಳಿ ಊದಿದರು. ಇಷ್ಟಕ್ಕೆ ಎಂಟು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ನಾನು ಮೇಲಿನಿಂದ ಅವರ ಬೆನ್ನನ್ನೇ ನೋಡುತ್ತಿದ್ದೆ. ನಾನು ಹಿಡಿದಿಟ್ಟವನು ಬದುಕಿದ್ದಾನೆ. ಅವನು ಇಳಿದಿದ್ದರೆ ಎರಡು ಹೆಣ ಆಗುತ್ತಿದ್ದವು ಎಂದು ಆಮೇಲೆ ಎಲ್ಲರೂ ಹೇಳಿದರು. ಅದು ನಿಜ. ಆದರೂ ಆ ಎಂಟು ನಿಮಿಷ ಇವತ್ತಿಗೂ ಮುಗಿದಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ, ತರುವ ಮೊದಲೇ ಜೀವ ಹೋಗಿತ್ತು ಎಂದರು.

ಮರುದಿನ ಬೆಳಿಗ್ಗೆ ನವುಲೆಯ ನಮ್ಮ ಮನೆಯಲ್ಲಿ ಊಟದ ಮೇಜಿನ ಮುಂದೆ ಕುಳಿತು ಲೆಕ್ಕ ಮಾಡಿದೆ. ಎಷ್ಟು ಆರ್ಗಾನ್ ಒಳಗೆ ಹೋಗಿತ್ತು ಎಂದು ತಿಳಿಯಬೇಕಿತ್ತು. ಸಿಲಿಂಡರಿನ ಒತ್ತಡವನ್ನು ಬೆಳಿಗ್ಗೆಯೂ ಮಧ್ಯಾಹ್ನವೂ ರಿಜಿಸ್ಟರಿನಲ್ಲಿ ಬರೆಯುವ ಪದ್ಧತಿ ನಮ್ಮಲ್ಲಿತ್ತು, ಅದರ ಫೋಟೋ ಮೊಬೈಲಿನಲ್ಲಿತ್ತು. ಶುರುವಿನಲ್ಲಿ 140 ಬಾರ್, ನಿಲ್ಲಿಸಿದಾಗ 40. ಸಿಲಿಂಡರಿನ ಒಳಗಾತ್ರ 47 ಲೀಟರ್. ಬೆಳಿಗ್ಗೆ ನೆರಳಿನಲ್ಲಿ ಇಪ್ಪತ್ನಾಲ್ಕು ಡಿಗ್ರಿ ಇದ್ದದ್ದು ಮಧ್ಯಾಹ್ನ ಮೂವತ್ತಾರಕ್ಕೆ ಏರಿತ್ತು. ಬಿಸಿಲಿಗೆ ಸಿಲಿಂಡರಿನ ಒತ್ತಡವೂ ಏರುತ್ತದೆ. ಹಾಗಾಗಿ ಬರೀ ನೂರು ಬಾರ್ ಖರ್ಚಾಯಿತು ಎಂದರೆ ಸಾಲದು. ಪಿಯುಸಿಯ ಆದರ್ಶ ಅನಿಲ ಸಮೀಕರಣಕ್ಕೇ ಹೋದೆ. ಒತ್ತಡವನ್ನು ಗಾತ್ರದಿಂದ ಗುಣಿಸಿ, ಅನಿಲ ಸ್ಥಿರಾಂಕ ಮತ್ತು ಉಷ್ಣತೆಯಿಂದ ಭಾಗಿಸಿದರೆ ಮೋಲ್‌ಗಳು ಸಿಗುತ್ತವೆ. ಬೆಳಿಗ್ಗೆ 266, ಮಧ್ಯಾಹ್ನ 73. ಒಳಗೆ ಹೋದದ್ದು 193 ಮೋಲ್. ಅದೇ ಸಮೀಕರಣದಿಂದ ಮತ್ತೆ ಹಿಂದಕ್ಕೆ ಬಂದರೆ, ಟ್ಯಾಂಕಿನ ಒಳಗಿನ ಸಾಮಾನ್ಯ ಒತ್ತಡದಲ್ಲಿ ಅದು ಐದು ಘನಮೀಟರಿಗೆ ಸ್ವಲ್ಪ ಕಡಿಮೆ.

ಟ್ಯಾಂಕಿನ ಗಾತ್ರ ಇಪ್ಪತ್ತೊಂದು ಘನಮೀಟರ್. ಐದನ್ನು ಇಪ್ಪತ್ತೊಂದರಲ್ಲಿ ಬೆರೆಸಿದೆ. ಮಿಶ್ರಣದಲ್ಲಿ ಪ್ರತಿ ಅನಿಲಕ್ಕೂ ಅದರದರ ಪಾಲಿನ ಒತ್ತಡ. ಆರ್ಗಾನ್ ನೂರಕ್ಕೆ ಇಪ್ಪತ್ಮೂರು, ಉಳಿದದ್ದು ಗಾಳಿ. ಆಮ್ಲಜನಕ ಹದಿನಾರು ಪಾಲು.

ಹದಿನಾರರಲ್ಲಿ ಮನುಷ್ಯ ಸಾಯುವುದಿಲ್ಲ. ಉಸಿರು ಜೋರಾಗುತ್ತದೆ, ತಲೆ ಭಾರವಾಗುತ್ತದೆ, ಎದ್ದು ಏಣಿ ಹತ್ತಿ ಬರುತ್ತಾನೆ. ನಾನು ಪೆನ್ನು ಕೆಳಗಿಟ್ಟೆ. ಎದೆಯಲ್ಲಿ ಒಂದು ನಿರಾಳ ಎದ್ದಿತು ಎಂದು ಇಲ್ಲಿ ಬರೆಯಲೇಬೇಕು. ಹಾಗಾದರೆ ನನ್ನ ಸಹಿಯಿಂದಲ್ಲ, ಅವರ ಹೃದಯದಿಂದ ಆದದ್ದು. ಲೆಕ್ಕವನ್ನು ಚೊಕ್ಕವಾಗಿ ಒಂದು ಹಾಳೆಗಿಳಿಸಿ ಅವತ್ತೇ ಮ್ಯಾನೇಜರ್ ಕೈಗೆ ಕೊಟ್ಟೆ.

ಅವರು ಅದನ್ನು ಎರಡು ಸಲ ಓದಿದರು. ಮೇಸ್ತ್ರಿ ಬೆಳಿಗ್ಗೆಯೇ ಕುಡಿದು ಬಂದಿದ್ದರಂತೆ ಎಂದು ಯಾರೋ ಹೇಳಿದ್ದಾಗಿ ಹೇಳಿದರು. ಹಾಗೆ ಹೇಳಿದವರು ಯಾರು ಎಂದು ನಾನು ಕೇಳಲಿಲ್ಲ. ಆಮೇಲೆ, ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ಮುಖ್ಯ ಮಾತಿಗೆ ಬಂದರು.

"ಪರ್ಮಿಟ್ ಆಗಿರಲೇ ಇಲ್ಲ ಮೇಡಂ. ಊಟ ಮುಗಿಸ್ಕೊಂಡು ಬಂದು ಯಾರನ್ನೂ ಕೇಳದೆ ಇಳಿದುಬಿಟ್ರು. ಅಷ್ಟೇ ನಡೆದದ್ದು. ನಿಮಗೂ ಒಳ್ಳೇದು, ನಮಗೂ ಒಳ್ಳೇದು. ಪುಸ್ತಕ ನನ್ನ ಹತ್ರ ಕೊಟ್ಟುಬಿಡಿ."

ಏಣಿಯ ಮೇಲಿನ ಪ್ಲಾಸ್ಟಿಕ್ ಕವರು ಆಗಲೇ ಖಾಲಿಯಾಗಿತ್ತು. ಪುಸ್ತಕ ಮನೆಯಲ್ಲಿದೆ, ತರುತ್ತೇನೆ ಎಂದೆ. ಅದು ನನ್ನ ಹೆಗಲ ಚೀಲದಲ್ಲೇ ಇತ್ತು. ಯಾಕೆ ಸುಳ್ಳು ಹೇಳಿದೆ ಎಂದು ಆಗ ನನಗೆ ತಿಳಿಯಲಿಲ್ಲ.

ಮೂರನೆಯ ದಿನ ಕಾರ್ಖಾನೆ ಇಲಾಖೆಯ ಇನ್ಸ್‌ಪೆಕ್ಟರ್ ಬಂದರು. ನಿವೃತ್ತಿಗೆ ಹತ್ತಿರವಾದವರು, ಏನನ್ನೂ ಮುಟ್ಟದೆ ಎಲ್ಲವನ್ನೂ ಸುತ್ತಿ ನೋಡುವ ಮನುಷ್ಯ. ಹೊರಗಿನ ಬೆಸುಗೆಯ ಮುಂದೆ ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕುಳಿತರು. ಮೀನಿನ ಮೈಯ ಹುರುಪೆಗಳಂತೆ ಒಂದರ ಮೇಲೊಂದು ಒರಗಿದ ಸಾಲು, ಟ್ಯಾಂಕಿನ ಸುತ್ತಲೂ ಒಂದೇ ಅಳತೆ. ಇದನ್ನು ಬೆಸೆದವರು ಯಾರು ಎಂದು ಕೇಳಿದರು. ಅವರೇ, ಆ ದಿನ ಬೆಳಿಗ್ಗೆ ಎಂದೆ. ಕುಡಿದ ಕೈಯ ಕೆಲಸದ ಹಾಗೆ ಕಾಣುವುದಿಲ್ಲವಲ್ಲ ಎಂದು ಅವರು ಯಾರಿಗೂ ಹೇಳದವರಂತೆ ಹೇಳಿಕೊಂಡರು. ಮ್ಯಾನೇಜರ್ ನನ್ನ ಹದಿನಾರರ ಹಾಳೆಯನ್ನು ಮುಂದೆ ಹಿಡಿದರು. ಇನ್ಸ್‌ಪೆಕ್ಟರ್ ಅದನ್ನು ಓದಿ, ಇಳಿಯುವ ಮೊದಲು ಗಾಳಿ ಪರೀಕ್ಷೆ ಆಗಿತ್ತೇ ಎಂದು ನನ್ನನ್ನು ಕೇಳಿದರು. ದಾಖಲೆ ನೋಡಿ ಹೇಳುತ್ತೇನೆ ಸರ್ ಎಂದೆ. ಅವರು ಹಾಳೆ ಮಡಚಿಡುತ್ತಾ, ನೋಡಿ, ನೋಡಿಯೇ ಹೇಳಿ ಎಂದರು.

ಆ ದಿನಗಳಲ್ಲಿ ನನಗೊಂದು ಕಾಟ ಶುರುವಾಯಿತು. ಎದುರಿಗೆ ಯಾರು ಬಗ್ಗಿದರೂ ನಾನು ಎಣಿಸತೊಡಗುತ್ತಿದ್ದೆ. ಬಸ್ಸಿನಲ್ಲಿ ಬಿದ್ದ ಚಿಲ್ಲರೆ ಹೆಕ್ಕಲು ಬಗ್ಗಿದ ಕಂಡಕ್ಟರ್, ಗೋಣಿ ಹರವಿ ಸೊಪ್ಪು ಜೋಡಿಸುವ ಹೆಂಗಸು, ಬಾಗಿಲ ಮುಂದೆ ರಂಗೋಲಿ ಎಳೆಯುವ ನನ್ನ ತಾಯಿ. ಒಂದು, ಎರಡು, ಮೂರು. ಅವರ ತಲೆ ಮೇಲೆ ಬರುವವರೆಗೆ ನನ್ನ ಉಸಿರು ಹಿಡಿದಿರುತ್ತಿತ್ತು. ಒಂದು ಬೆಳಿಗ್ಗೆ ಅಮ್ಮ ರಂಗೋಲಿ ಎಳೆಯುತ್ತಿದ್ದಾಗ ಹೋಗಿ ರಟ್ಟೆ ಹಿಡಿದು ಎಬ್ಬಿಸಿಬಿಟ್ಟೆ. ಏನಾಯ್ತೇ ಮಾರಾಯ್ತಿ ಎಂದು ಅವರು ಗಾಬರಿಯಾದರು. ಏನೂ ಇಲ್ಲ ಎಂದು ಒಳಗೆ ಹೋದೆ. ಯಾರ್ಡಿನಲ್ಲಿ ಮೇಸ್ತ್ರಿಯ ಚಪ್ಪಲಿ ಏಣಿಯ ಬುಡದಲ್ಲೇ ಇದ್ದವು. ಯಾರೂ ಅವನ್ನು ಎತ್ತಿಡಲಿಲ್ಲ. ಎಲ್ಲರೂ ಬಳಸಿಕೊಂಡು ಹೋಗುತ್ತಿದ್ದರು.

ಐದನೆಯ ದಿನ ಓಲ್ಡ್ ಟೌನಿಗೆ ಹೋದೆ. ಕಂಪನಿಯವರು ಒಟ್ಟಾಗಿ ಹೋಗಿಬಂದಾಗಿತ್ತು, ನಾನು ಹೋಗಿರಲಿಲ್ಲ. ಸಂತೆ ಬೀದಿಯ ಹಿಂದಿನ ಸಂದಿಯಲ್ಲಿ ಎರಡು ಕೋಣೆಯ ಮನೆ. ಮೇಸ್ತ್ರಿಯ ಹೆಂಡತಿ ಬಾಗಿಲ ಬಳಿ ಕುಳಿತಿದ್ದರು. ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುವವರು ಎಂದು ಗೊತ್ತಿತ್ತು. ಅಳು ಮುಗಿದು ಒಣಗಿದ ಮುಖ. ನಾನು ಯಾರೆಂದು ಹೇಳಿದೆ. ಮೀಟರ್ ಮೇಡಮ್ಮ ನೀವೇನಾ ಎಂದು ಕೇಳಿ, ಒಳಗಿಂದ ಚಾಪೆ ತಂದು ಹಾಸಿದರು.

ಕುಡಿದಿದ್ದರೆಂದು ಹೇಳುತ್ತಿದ್ದಾರಂತೆ ಎಂದು ಅವರೇ ಮಾತು ತೆಗೆದರು. ಗಂಡ ಕುಡಿಯುವುದು ಬಿಟ್ಟು ಹನ್ನೊಂದು ವರ್ಷವಾಗಿತ್ತು, ಮಗಳು ಶಾಲೆಗೆ ಸೇರಿದ ವರ್ಷ ಬಿಟ್ಟದ್ದು. ಆ ದಿನ ತಾನೇ ಡಬ್ಬಿಗೆ ನಿಂಬೆಹಣ್ಣಿನ ಚಿತ್ರಾನ್ನ ಹಾಕಿ ಕಳಿಸಿದ್ದೆ ಎಂದರು. ಈಗ ಬೀದಿಯವರು ಮಗಳ ಮುಂದೆಯೇ ಅದನ್ನು ಆಡಿಕೊಳ್ಳುತ್ತಿದ್ದರು. ನಾನು ಏನಾದರೂ ಹೇಳಬೇಕಿತ್ತು. ಒಳಗೆ ಬಿಟ್ಟ ಗ್ಯಾಸ್ ಅಷ್ಟೊಂದು ಇರಲಿಲ್ಲ, ಇಡೀ ಟ್ಯಾಂಕಿಗೆ ಹಂಚಿದರೆ ಸಾಯುವಷ್ಟು ಆಗುವುದಿಲ್ಲ, ಹೃದಯದ ತೊಂದರೆ ಇದ್ದಿರಬಹುದು ಎಂದೆ.

ಅವರು ಒಳಗಿಂದ ಒಂದು ಲೋಟ ನೀರು ತಂದುಕೊಟ್ಟರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ನಮ್ ಸ್ಕೂಲ್ ಅಡುಗೆಮನೇಲಿ ಗ್ಯಾಸ್ ಲೀಕಾದ್ರೆ ಏನ್ ಮಾಡ್ಬೇಕು ಅಂತ ಹೇಳ್ಕೊಟ್ಟಿದಾರೆ ಮೇಡಂ. ಅದು ಮೇಲಕ್ಕೆ ಹೋಗಲ್ಲ, ನೆಲದ ಮೇಲೆ ನೀರಿನ ತರ ನಿಂತ್ಕೊಂಡಿರುತ್ತೆ, ಬಾಗಿಲು ತೆಗೆದು ಕಾಯ್ಬೇಕು ಅಂತ. ಇದು ಹಂಗಲ್ವಾ?"

ನನ್ನ ಕೈಯಲ್ಲಿ ಅವರು ಕೊಟ್ಟ ನೀರಿನ ಲೋಟವಿತ್ತು. ಅದನ್ನು ಎಲ್ಲಿಡಬೇಕೆಂದು ತೋಚಲಿಲ್ಲ.

ಅದು ಹಾಗೆಯೇ. ನನಗೆ ಗೊತ್ತಿರಲಿಲ್ಲ ಎಂದಲ್ಲ. ಒಂದು ಅನಿಲದ ಸಾಂದ್ರತೆ ಅದರ ಅಣುತೂಕವನ್ನು ಅವಲಂಬಿಸಿದೆ. ಒತ್ತಡವೂ ಉಷ್ಣತೆಯೂ ಒಂದೇ ಆಗಿದ್ದರೆ ಭಾರದ ಅಣುವಿನ ಅನಿಲ ಭಾರ. ಗಾಳಿಯ ಸರಾಸರಿ ಅಣುತೂಕ ಇಪ್ಪತ್ತೊಂಬತ್ತು, ಆರ್ಗಾನಿನದು ನಲವತ್ತು. ಆ ಮಧ್ಯಾಹ್ನದ ಸೆಕೆಯಲ್ಲಿ ಒಂದು ಘನಮೀಟರ್ ಗಾಳಿ ಒಂದು ಕಿಲೋ ನೂರೈವತ್ತು ಗ್ರಾಂ ತೂಗಿದರೆ, ಅಷ್ಟೇ ಆರ್ಗಾನ್ ಒಂದು ಕಿಲೋ ಆರುನೂರರ ಹತ್ತಿರ. ನಿಧಾನವಾಗಿ ತಳಕ್ಕೆ ಬಿಟ್ಟರೆ ಅದು ತಳದಲ್ಲೇ ಹಾಸಿಕೊಳ್ಳುತ್ತದೆ. ನಾವು ಅದನ್ನು ಬಳಸುವುದೇ ಆ ಗುಣಕ್ಕೆ. ಕಾವಲಿನವನ ಕಾಲರು ಹಿಡಿದಾಗ ನನಗೆ ಇದು ಗೊತ್ತಿತ್ತು. ಮರುದಿನ ಮೇಜಿನ ಮುಂದೆ ಕುಳಿತಾಗ ಬೇಡವಾಯಿತು. ಅನಿಲಗಳು ಕೊನೆಗೆ ಬೆರೆತೇ ಬೆರೆಯುತ್ತವೆ ಎಂದು ಪುಸ್ತಕ ಹೇಳುತ್ತದೆ, ನಿಜ. ಆದರೆ ಬೆರೆಯಲು ಎಷ್ಟು ಗಂಟೆ ಬೇಕು ಎಂದು ಆ ಸಮೀಕರಣ ಹೇಳುವುದಿಲ್ಲ. ಅದರಲ್ಲಿ ಒತ್ತಡವಿದೆ, ಗಾತ್ರವಿದೆ, ಉಷ್ಣತೆಯಿದೆ, ಸಮಯವಿಲ್ಲ. ಅಲ್ಲಾಡದ ಟ್ಯಾಂಕಿನಲ್ಲಿ ಒಂದೆರಡು ಗಂಟೆ ಏನೂ ಸಾಲದು.

ಇನ್ನೂ ಒಂದು ವಿಷಯ ಓಲ್ಡ್ ಟೌನಿನಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಹೊಳೆಯಿತು. ಗ್ಯಾಸ್ ಟ್ಯಾಂಕಿನ ತುಂಬ ಬೆರೆತಿದ್ದರೆ ಬಾಯಿಯ ಹತ್ತಿರವೂ ಹದಿನಾರೇ ಬರಬೇಕಿತ್ತು. ನನ್ನ ಮೀಟರಿಗೆ ಬಂದದ್ದು 20.8. ಅಂದರೆ ಬೆರೆತಿರಲಿಲ್ಲ, ಒಂದಿಷ್ಟೂ ಮೇಲೆ ಬಂದಿರಲಿಲ್ಲ, ಅಷ್ಟೂ ಕೆಳಗೇ ನಿಂತಿತ್ತು. ಆ ಟ್ಯಾಂಕಿನ ತಳದಲ್ಲಿ ಏನಿತ್ತು ಎಂಬುದಕ್ಕೆ ಜಗತ್ತಿನಲ್ಲಿದ್ದ ಒಂದೇ ಸಾಕ್ಷಿ ನನ್ನ ಹಳದಿ ಹಾಳೆ. ಅದನ್ನು ಮುಚ್ಚಿಟ್ಟರೆ ಹದಿನಾರು ನಿಲ್ಲುತ್ತದೆ, ಮೇಸ್ತ್ರಿ ಕುಡುಕರಾಗುತ್ತಾರೆ. ಕೊಟ್ಟರೆ, ತಳ ಅಳೆಯದೆ ಸಹಿ ಹಾಕಿದವಳು ನಾನು.

ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ನವುಲೆಯ ಬಸ್ಸು ಹತ್ತದೆ, ಅಲ್ಲಿಂದ ಆಟೋ ಹಿಡಿದು ಕಾರ್ಖಾನೆ ಇಲಾಖೆಯ ಕಚೇರಿಗೆ ಹೋದೆ. ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದಿದ್ದರೂ ನಾನು ಹೋಗುತ್ತಿರಲಿಲ್ಲವೇನೋ. ಇನ್ಸ್‌ಪೆಕ್ಟರ್ ಕಚೇರಿ ಮುಚ್ಚುವ ಹೊತ್ತಿಗೆ ಚೀಲ ಹಿಡಿದು ಎದ್ದಿದ್ದರು. ಅಂದಿನಿಂದ ಹೆಗಲ ಚೀಲದಲ್ಲೇ ಇದ್ದ ಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟೆ. ಪರೀಕ್ಷೆ ಆಗಿತ್ತು, ಮೇಲೆ ಮಾತ್ರ, ಮಾಡಿದ್ದು ನಾನು, ಹದಿನಾರರ ಲೆಕ್ಕ ತಪ್ಪು ಎಂದೆ. ಅವರು ಚೀಲ ಕೆಳಗಿಟ್ಟು ಮತ್ತೆ ಕುಳಿತರು.

ಹಳದಿ ಹಾಳೆಯೊಂದರಿಂದ ಆಗುವುದಿಲ್ಲ ಎಂದು ಅವರು ಹೇಳಿದರು. ಆಮೇಲೆ ಬರೆದು ಸೇರಿಸಿದ್ದೆಂದು ಮ್ಯಾನೇಜರ್ ಹೇಳಬಹುದು. ಅದೇ ಟ್ಯಾಂಕಿನಲ್ಲಿ ಅದೇ ಪ್ರಮಾಣದ ಗ್ಯಾಸ್ ಬಿಟ್ಟು, ಯಾರೂ ಇಳಿಯದೆ ಅಳೆದು ತೋರಿಸಬೇಕು, ನಾನೇ ಬಂದು ನಿಲ್ಲುತ್ತೇನೆ ಎಂದರು. ಅದಕ್ಕೆ ಆದೇಶವನ್ನೂ ಬರೆದರು. ಮರುದಿನದಿಂದ ಯಾರ್ಡಿನಲ್ಲಿ ನನ್ನೊಡನೆ ಮಾತಾಡುವವರು ಇಲ್ಲವಾದರು. ಮ್ಯಾನೇಜರ್ ಮಾತ್ರ ಒಮ್ಮೆ ಎದುರು ಸಿಕ್ಕಾಗ, ನಿಮ್ಮ ಕೊರಳಿಗೆ ನೀವೇ ಹಗ್ಗ ಹೊಸೆಯುತ್ತಿದ್ದೀರಿ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅವರೂ ನಿದ್ದೆ ಮಾಡಿರಲಿಲ್ಲ ಎಂದು ಕಾಣುತ್ತಿತ್ತು.

ಪ್ರಯೋಗದ ದಿನ ಹಗ್ಗಕ್ಕೆ ಅರ್ಧರ್ಧ ಮೀಟರಿಗೆ ಕೆಂಪು ಬಟ್ಟೆಯ ಗಂಟು ಕಟ್ಟಿಕೊಂಡೆ. ತುದಿಗೆ ಮೀಟರ್. ಅದು ಅಂಕಿಗಳನ್ನು ತಾನೇ ದಾಖಲಿಸಿಟ್ಟುಕೊಳ್ಳುವಂತೆ ಮಾಡಿದ್ದೆ. ಹೊಸ ಸಿಲಿಂಡರು ತರಿಸಿ, ಒತ್ತಡ, ಉಷ್ಣತೆ ಬರೆದು, ಎರಡು ಗಂಟೆ ಹೊತ್ತು ಆರ್ಗಾನ್ ಬಿಟ್ಟೆವು. ಒಂದು ಗಂಟೆ ಕಾದು, ಹಗ್ಗ ಇಳಿಬಿಟ್ಟು ತೆಗೆದು ನೋಡಿದರೆ ಮೇಲೆ 20.8, ನಡುವೆ 20.7, ತಳದಲ್ಲಿ 19.9.

ಏನೂ ಇರಲಿಲ್ಲ. ಮ್ಯಾನೇಜರ್ ಇನ್ಸ್‌ಪೆಕ್ಟರ್ ಕಡೆ ನೋಡಿ, ಇನ್ನು ಮುಗಿಸೋಣವಾ ಸರ್ ಎಂದರು. ಐದು ಘನಮೀಟರ್ ಗ್ಯಾಸ್ ಒಳಗೆ ಹೋದದ್ದನ್ನು ಎಲ್ಲರೂ ಕಂಡಿದ್ದೆವು, ಸಿಲಿಂಡರು ಇಳಿದದ್ದೂ ನಿಜ. ಹೋದದ್ದು ಎಲ್ಲಿಗೆ? ಪಾತ್ರೆಯಲ್ಲಿ ನೀರು ಸೋರುವ ತೂತು ಹುಡುಕುವ ಹಾಗೆ ಟ್ಯಾಂಕಿನ ಬುಡ ಸುತ್ತಿದೆ. ಆಫೀಸಿನ ದೇವರ ಪಟದ ಮುಂದಿದ್ದ ಊದಬತ್ತಿ ತಂದು ಹಚ್ಚಿ, ತಳದ ಪೈಪಿನ ಮುಚ್ಚಳದ ಬಳಿ ಹಿಡಿದೆ. ಹೊಗೆ ಮೇಲೆ ಹೋಗಲಿಲ್ಲ. ಯಾರೋ ಊದಿದಂತೆ ನೆಲದ ಕಡೆಗೆ ಬಾಗಿತು. ಆ ದಿನ ಮೇಸ್ತ್ರಿಯನ್ನು ತೆಗೆಯಲು ಬಿಚ್ಚಿದ್ದ ತಟ್ಟೆಯನ್ನು ಮತ್ತೆ ಹಾಕುವಾಗ ನಡುವಿನ ರಬ್ಬರು ವಾಷರು ಹಾಕಿರಲಿಲ್ಲ. ಬೇಕೆಂದು ಬಿಟ್ಟದ್ದೋ ಮರೆತದ್ದೋ ನನಗೆ ಗೊತ್ತಿಲ್ಲ, ನಾನು ಕೇಳಲಿಲ್ಲ. ಇನ್ಸ್‌ಪೆಕ್ಟರ್ ಬಗ್ಗಿ ಆ ಹೊಗೆಯನ್ನು ನೋಡಿದರು. ಅವರ ತಲೆ ಮೇಲೆ ಬರುವವರೆಗೆ ನಾನು ಎಣಿಸುತ್ತಿದ್ದೆ.

ವಾಷರು ಹಾಕಿ, ಒಳಗೆ ಗಾಳಿ ಊದಿ, ಮರುದಿನ ಮತ್ತೆ ಮೊದಲಿನಿಂದ ಶುರು ಮಾಡಿದೆವು. ಈ ಸಲ ಹಗ್ಗವನ್ನು ಒಂದೊಂದೇ ಗಂಟಿನಂತೆ ಬಿಟ್ಟೆ, ಪ್ರತಿ ಗಂಟಿಗೆ ಎರಡು ನಿಮಿಷ. ಬಾಯಿಯಲ್ಲಿ 20.8. ಒಂದು ಮೀಟರ್ ಕೆಳಗೆ 20.8. ಎರಡು ಮೀಟರ್ ಇಳಿದಾಗಲೂ ಸದ್ದಿಲ್ಲ. ಅಲ್ಲಿಂದ ಕೆಳಗೆ ಬಿಡುತ್ತಿದ್ದಂತೆ ಟ್ಯಾಂಕಿನೊಳಗಿಂದ ಮೀಟರ್ ಕೂಗತೊಡಗಿತು. ಆಮ್ಲಜನಕ ಕಡಿಮೆಯಾದರೆ ಅದು ಕೂಗುತ್ತದೆ. ಆ ಸ್ಟೀಲಿನ ಗೋಡೆಗಳ ನಡುವೆ ಆ ಸದ್ದು ದೊಡ್ಡದಾಗಿ, ಬಹಳ ಕೆಳಗಿನಿಂದ ಯಾರೋ ಬಿಡದೆ ಕರೆಯುತ್ತಿರುವ ಹಾಗೆ ಮೇಲೆ ಬಂತು. ಯಾರ್ಡಿನಲ್ಲಿ ಗ್ರೈಂಡಿಂಗ್ ಮಾಡುತ್ತಿದ್ದವರು ಕೈ ನಿಲ್ಲಿಸಿದರು. ಅಂದು ಕಾವಲಿಗಿದ್ದವನು ದೂರದ ಶೆಡ್ಡಿನ ಹಿಂದಕ್ಕೆ ಹೋಗಿಬಿಟ್ಟ. ನಾನು ಹಗ್ಗ ಬಿಡುತ್ತಲೇ ಇದ್ದೆ. ತಳ ಮುಟ್ಟಿದ ಮೇಲೂ ಎರಡು ನಿಮಿಷ ಇಡಬೇಕಿತ್ತು. ಇಟ್ಟೆ.

ಮೇಲೆ ತೆಗೆದು ಅಂಕಿಗಳನ್ನು ಓದಿದೆ. ನೆಲದಿಂದ ಎರಡು ಮೀಟರ್ ಮೇಲೆ 20.5. ಒಂದು ಮೀಟರ್ ಮೇಲೆ 13. ಅರ್ಧ ಮೀಟರಿನಲ್ಲಿ 4.2. ತಳದಲ್ಲಿ 1.7. ನಿಂತ ಮನುಷ್ಯನಿಗೆ ಏನೂ ಆಗುವುದಿಲ್ಲ. ಅವನು ತಳದ ಪೈಪು ಬೆಸೆಯಲು ಮಂಡಿಯೂರಿ ಬಗ್ಗಿದರೆ ಎರಡು ಉಸಿರು ಸಾಕು.

ಇನ್ಸ್‌ಪೆಕ್ಟರ್ ಕೇಳಿದರೆಂದು, ಟ್ಯಾಂಕನ್ನು ಅಡ್ಡಡ್ಡ ಹೋಳುಗಳಾಗಿ ಭಾವಿಸಿ ಒಂದೊಂದು ಹೋಳಿನ ಆರ್ಗಾನನ್ನು ಕೂಡಿಸಿದೆ. ಒಟ್ಟು 4.9 ಘನಮೀಟರ್. ಸಿಲಿಂಡರಿನ ಒತ್ತಡದಿಂದ ಬಂದ ಮೊತ್ತವೂ ಅಷ್ಟೇ. ಇಡೀ ಟ್ಯಾಂಕಿನ ಸರಾಸರಿ ತೆಗೆದರೆ ಆಮ್ಲಜನಕ ಮತ್ತೆ ಅದೇ ಹದಿನಾರು. ನನ್ನ ಮೊದಲಿನ ಹಾಳೆಯಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಆದರೆ ಆ ಟ್ಯಾಂಕಿನಲ್ಲಿ ಹದಿನಾರು ಪಾಲು ಇದ್ದದ್ದು ತೆಳುವಾದ ಒಂದು ಪದರದಲ್ಲಿ ಮಾತ್ರ, ಮತ್ತು ಅಲ್ಲಿ ಯಾರ ಮೂಗೂ ಇರಲಿಲ್ಲ.

ಮೂರು ವಾರದ ನಂತರ ಇಲಾಖೆಯ ಕಚೇರಿಯಲ್ಲಿ ಹೇಳಿಕೆಗಳನ್ನು ಬರೆದುಕೊಂಡರು. ಯಾರ್ಡಿನ ಮಾಲೀಕರು, ಮ್ಯಾನೇಜರ್, ನಾನು, ಮೇಸ್ತ್ರಿಯ ಹೆಂಡತಿ. ಅಷ್ಟರಲ್ಲಿ ಲ್ಯಾಬಿನ ವರದಿಯೂ ಬಂದಿತ್ತು, ಹೊಟ್ಟೆಯಲ್ಲಿ ಮದ್ಯದ ಸುಳಿವಿರಲಿಲ್ಲ. ಇನ್ಸ್‌ಪೆಕ್ಟರ್ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದರು. ಪರ್ಮಿಟ್ ಇಲ್ಲದೆ ಇಳಿದರು ಎಂಬ ಮಾತನ್ನು ಮಾಲೀಕರು ಹಿಂದಕ್ಕೆ ತೆಗೆದುಕೊಂಡರು. ಮ್ಯಾನೇಜರ್ ತಲೆ ತಗ್ಗಿಸಿ, ಲಾರಿಯ ಅವಸರ ಇತ್ತು ಎಂದಷ್ಟೇ ಹೇಳಿದರು. ನನ್ನ ಸರದಿ ಬಂದಾಗ ನಳಿಗೆ ಸ್ಟೋರಿನಲ್ಲಿತ್ತು, ನಾನು ಕಾಯಲಿಲ್ಲ ಎಂದು ಬರೆಸಿದೆ. ಪ್ರಕರಣದಲ್ಲಿ ಮ್ಯಾನೇಜರ್ ಹೆಸರಿನ ಜೊತೆ ನನ್ನ ಹೆಸರೂ ಇದೆ, ಇನ್ನೂ ನಡೆಯುತ್ತಿದೆ. ಕೆಲಸವನ್ನು ನಾನೇ ಬಿಟ್ಟೆ.

ಕಚೇರಿಯಿಂದ ಹೊರಬಂದು ಬಸ್‌ಸ್ಟ್ಯಾಂಡಿಗೆ ನಡೆದಾಗ ಮೇಸ್ತ್ರಿಯ ಹೆಂಡತಿ ಭದ್ರಾವತಿಯ ಬಸ್ಸು ನಿಲ್ಲುವಲ್ಲಿ ನಿಂತಿದ್ದರು. ನೋಡಿಯೂ ನೋಡದಂತೆ ಹೋಗಬಹುದಿತ್ತು. ಹತ್ತಿರ ಹೋಗಿ ನಿಂತೆ. ನಮ್ಮನೆಯವರಿಗೆ ನೋವಾಗಿತ್ತಾ ಎಂದು ಕೇಳಿದರು. ಇಲ್ಲ ಎಂದೆ. ಆ ಗ್ಯಾಸಿನಲ್ಲಿ ಉಸಿರು ಕಟ್ಟಿದ ಅನುಭವವೇ ಆಗುವುದಿಲ್ಲ, ನಿದ್ದೆ ಬಂದ ಹಾಗೆ, ಏನಾಯಿತೆಂದು ತಿಳಿಯುವಷ್ಟರಲ್ಲಿ ಮುಗಿದಿರುತ್ತದೆ ಎಂದೆ. ಇದು ಸಮಾಧಾನಕ್ಕೆ ಹೇಳಿದ್ದಲ್ಲ, ನಿಜ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ನೀವು ಆ ಮೀಟರನ್ನ ಆವತ್ತೇ ಕೆಳಗೆ ಬಿಟ್ಟಿದ್ರೆ ನಮ್ಮನೆಯವರು ಇರ್ತಿದ್ರಾ?"

ಲಾರಿ, ಬೀಗ, ಬ್ಲೋವರ್ ಎಲ್ಲವೂ ನಾಲಿಗೆಯ ತುದಿಗೆ ಬಂದವು.

"ಇರ್ತಿದ್ರು," ಎಂದೆ.

ಅವರು ತಲೆಯಾಡಿಸಿದರು.

"ನನಗೆ ಗೊತ್ತಿತ್ತು. ನೀವು ಏನ್ ಹೇಳ್ತೀರೋ ನೋಡೋಣ ಅಂತ ಕೇಳ್ದೆ. ಅವರ ಹೆಸರು ಉಳಿಸಿದ್ರಿ, ಅದು ಮಗಳಿಗೆ ಹೇಳ್ತೀನಿ. ಆದ್ರೆ ಇನ್ಮೇಲೆ ನಮ್ಮನೆ ಕಡೆ ಬರ್ಬೇಡಿ ಮೇಡಂ."

ಬಸ್ಸು ಬಂತು. ಅವರು ಹತ್ತಿ, ಕಿಟಕಿಯ ಪಕ್ಕ ಕುಳಿತು, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು. ಬಸ್ಸು ಹೊರಟು ಸ್ಟ್ಯಾಂಡಿನಿಂದ ಆಚೆ ತಿರುಗುವವರೆಗೂ ನನ್ನ ಕಡೆ ನೋಡಲಿಲ್ಲ. ನವುಲೆ ಕಡೆಯ ಬಸ್ಸು ಎದುರಿಗೇ ನಿಂತಿತ್ತು. ಅದು ಹೋಯಿತು, ಅದರ ಹಿಂದಿನದೂ ಬಂದು ಹೋಯಿತು. ನಾನು ಅಲ್ಲೇ ನಿಂತಿದ್ದೆ.